ನಾಲ್ಕನೆಯ ಕಂಬ

ನಾನು ಹುಟ್ಟು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ. ಮಂಡ್ಯದ ನಮ್ಮ ಮನೆಯಲ್ಲಿ ಅಟ್ಟದ ಮೇಲಿಂದ ಏನಾದರೂ ಇಳಿಸಬೇಕೆಂದರೆ ತಂಗಿಯನ್ನು ಹತ್ತಿಸಿ, ನಾನು ಕೆಳಗೆ ಏಣಿ ಹಿಡಿದುಕೊಂಡು "ಹುಷಾರು ಕಣೇ, ಹುಷಾರು" ಎನ್ನುತ್ತಿದ್ದೆ. ಅಂಥವಳು ಓದಿದ್ದು ಆರ್ಕಿಟೆಕ್ಚರು. ಮೈಸೂರಿನಲ್ಲಿ ಐದು ವರ್ಷ ಕಾಗದದ ಮೇಲೆ ಮನೆ ಕಟ್ಟಿದೆ. ಕಾಗದದ ಮನೆಯಲ್ಲಿ ಹಲ್ಲಿ ಇಲ್ಲ, ಇಲಿ ಇಲ್ಲ, ಕತ್ತಲೆಯೂ ಇಲ್ಲ. ನನಗೆ ಅದು ಬಹಳ ಚೆನ್ನಾಗಿ ಒಗ್ಗಿತ್ತು.

ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೂ ಅದೇ ಕೆಲಸ ಸಿಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೆನ್ಲೋ ಪಾರ್ಕಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಆಫೀಸು. ಯಜಮಾನಿ ಅರವತ್ತು ದಾಟಿದ ಅಮೆರಿಕನ್ ಹೆಂಗಸು. ಕಡ್ಡಿ ಮುರಿದ ಹಾಗೆ ಮಾತು, ಆದರೆ ಕೆಟ್ಟವಳಲ್ಲ. ಹಳೇ ಮನೆಗಳನ್ನು ರಿಪೇರಿ ಮಾಡಿಸುವವರಿಗೆ ನಕ್ಷೆ ಹಾಕಿಕೊಡುವುದು ನಮ್ಮ ಕೆಲಸ. ನಾನು ಹೋಗಿ ಮನೆಯ ಅಳತೆ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಕಂಪ್ಯೂಟರಿನಲ್ಲಿ ಬರೆಯಬೇಕು. ಆ ನಕ್ಷೆ ನಂಬಿಕೊಂಡೇ ಎಂಜಿನಿಯರು ಭಾರದ ಲೆಕ್ಕ ಹಾಕಿ ಮೊಹರು ಒತ್ತುತ್ತಾನೆ, ಬಡಗಿಗಳು ಗರಗಸ ಹಿಡಿಯುತ್ತಾರೆ. ಎಲ್ಲರ ಬುಡದಲ್ಲಿ ನಾನು.

ಡಾಟ್‌ಕಾಂ ಎಂದು ಉಬ್ಬಿದ್ದ ಇಂಟರ್ನೆಟ್ ಕಂಪನಿಗಳ ಗಾಳಿ ಇಳಿಯುತ್ತಿದ್ದ ವರ್ಷ ಅದು. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಂಪನಿ ಒಂದು ಬೆಳಗ್ಗೆ ಬಾಗಿಲಿಗೆ ಚೀಟಿ ಅಂಟಿಸಿ ಮುಚ್ಚಿಕೊಂಡಿತ್ತು. ಅಲ್ಲಿಂದ ಅವರ ವೀಸಾ ನನ್ನ ವೀಸಾಕ್ಕೆ ಜೋತುಬಿತ್ತು, ನನ್ನ ವೀಸಾ ಯಜಮಾನಿಯ ಸಹಿಗೆ ಜೋತುಬಿತ್ತು. ನನ್ನ ಕೆಲಸ ಹೋದರೆ ಮಾರನೇ ದಿನದಿಂದಲೇ ಇಬ್ಬರಿಗೂ ಆ ದೇಶದಲ್ಲಿ ಇರುವ ಹಕ್ಕಿಲ್ಲ. ಕೊಲ್ಲಿಯ ಆಚೆ ದಡದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಫೋನು ಹೊಡೆದುಕೊಂಡರೂ ನಾನು ಬೆಚ್ಚುತ್ತಿದ್ದೆ. ದಿನಾ ಬೆಳಗ್ಗೆ ಸೇತುವೆ ದಾಟಿ ಆಫೀಸಿಗೆ ಹೋಗುವಾಗ, ಇವತ್ತು ನನ್ನನ್ನು ಕರೆದು ಬಾಗಿಲು ಹಾಕಿ ಮಾತಾಡಿದರೆ ಏನು ಗತಿ ಎಂದು ಯೋಚಿಸುತ್ತಿದ್ದೆ.

ಹಾಗಿರುವಾಗ ಬಂದದ್ದು ಬೆಟ್ಟದ ಮೇಲಿನ ಆ ಮನೆ. ಗಾಳಿ ಇಳಿಯುವ ಮೊದಲೇ ಕಂಪನಿ ಮಾರಿ ಕೂತಿದ್ದ ಒಬ್ಬ ಜಾಣ ಅದನ್ನು ಕೊಂಡಿದ್ದ. ತಗ್ಗಾದ, ಅಗಲವಾದ ಮರದ ಮನೆ, ಮುಂದಕ್ಕೆ ಚಾಚಿದ ಸೂರು. ದೊಡ್ಡ ಕೋಣೆಗೂ ಹೊರಗಿನ ಜಗಲಿಗೂ ನಡುವೆ ಒಂದೇ ಸಾಲಿನಲ್ಲಿ ಐದು ದೇವದಾರು ಕಂಬಗಳು. ಕಟ್ಟಿದವನು ಸುಮಾರು ನೂರು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ ಒಬ್ಬ ಜಪಾನಿ ಆರ್ಕಿಟೆಕ್ಟು. ಮನೆ ಕೊಂಡವನಿಗೆ ಕೊಲ್ಲಿಯ ನೋಟ ಅಡ್ಡಿಯಿಲ್ಲದೆ ಕಾಣಬೇಕು. ಮೂರನೆಯ ಮತ್ತು ನಾಲ್ಕನೆಯ ಕಂಬ ತೆಗೆದು ಅಲ್ಲಿ ದೊಡ್ಡ ಗಾಜು ಹಾಕಿಸಬೇಕು.

ಅಳತೆಗೆ ಹೋದ ದಿನ ಸೂರಿನ ಒಳಗನ್ನು ನೋಡಬೇಕಾಗಿತ್ತು. ಒಳಮನೆಯ ಚಾವಣಿಯಲ್ಲಿ ಒಂದು ಚೌಕದ ಕಿಂಡಿ. ಏಣಿ ಹಾಕಿ, ತಲೆ ತೂರಿಸಿ, ಟಾರ್ಚು ಬಿಟ್ಟೆ. ಧೂಳು, ಜೇಡರ ಬಲೆ, ಒಂದು ಥರದ ಹಳೇ ನಾತ. ಹತ್ತಿರದಲ್ಲೇ ಮರದ ತುಂಡುಗಳನ್ನು ತ್ರಿಕೋನವಾಗಿ ಜೋಡಿಸಿದ ಒಂದು ಚೌಕಟ್ಟು ಕಂಡಿತು. ಅದರಾಚೆ ಅಂಥದೇ ಇನ್ನೊಂದು. ಇಂಥ ಚೌಕಟ್ಟು ಸೂರಿನ ಭಾರವನ್ನು ಗೋಡೆಯಿಂದ ಗೋಡೆಗೆ ದಾಟಿಸುತ್ತದೆ. ನಡುವಿನ ಕಂಬಕ್ಕೆ ಹೆಚ್ಚು ಕೆಲಸವಿಲ್ಲ. ಆಚೆ ಕತ್ತಲೆಯಲ್ಲಿ ಏನೋ ಸರಸರ ಎಂದಿತು. ಹಾಳಾದ್ದು ಇಲಿಯೋ ಹಾವೋ ಯಾರು ಕಂಡರು! ನಾಲ್ಕು ಮೊಳ ಮುಂದಕ್ಕೆ ತೆವಳಿದ್ದರೆ ಸಾಕಿತ್ತು. ತೆವಳಲಿಲ್ಲ. ಇಳಿದು ಬಂದು, ಕೈ ತೊಳೆದುಕೊಂಡು, ಆಫೀಸಿನಲ್ಲಿ ಆ ಒಂದು ಚೌಕಟ್ಟನ್ನು ನೀಟಾಗಿ ಬರೆದು, ಕಂಪ್ಯೂಟರಿಗೆ ಕಾಪಿ ಮಾಡು ಎಂದೆ. ಒಂದು ಕೀಲಿ ಒತ್ತಿದರೆ ಐದು ಚೌಕಟ್ಟು. ಕಂಬವೂ ಅಷ್ಟೇ. ಮೊದಲನೆಯದನ್ನು ಅಳೆದೆ, ಉಳಿದ ನಾಲ್ಕು ಅದರ ಮಕ್ಕಳು. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಎಲ್ಲರೂ ಸೂರು ಹತ್ತಿ ನೋಡಿ ಆಮೇಲೆ ಮಾಡುತ್ತಿದ್ದರು.

ಹಳೇ ಮನೆಯಾದ್ದರಿಂದ ಅದನ್ನು ಕಟ್ಟಿದವನ ಬಗ್ಗೆ ಎರಡು ಪುಟ ಬರೆದುಕೊಡಬೇಕೆಂದು ನಗರಸಭೆಯವರು ಕೇಳಿದರು. ಯಜಮಾನಿ ಅದನ್ನೂ ನನ್ನ ತಲೆಗೇ ಕಟ್ಟಿದಳು. ಎಲ್ಲಿ ಹುಡುಕಿದರೂ ಅವನ ಹೆಸರಿಲ್ಲ. ಮನೆಯ ಪರವಾನಗಿಯಲ್ಲಿ ಯಾರೋ ಬಿಳಿಯ ಕಂಟ್ರಾಕ್ಟರನ ಹೆಸರಿತ್ತು. ಕೊನೆಗೆ ಗೊತ್ತಿದ್ದವರು ಸಿಕ್ಕಿದ್ದು ಆ ಮನೆಯಲ್ಲೇ, ಜಗಲಿಯ ಬಾಗಿಲು ಬಿಚ್ಚಲು ಬಂದಿದ್ದ ಬಡಗಿ. ಎಪ್ಪತ್ತು ದಾಟಿದ ಮುದುಕರು, ಜಪಾನಿ ಮೂಲದವರು, ಆದರೆ ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅವರ ತಂದೆ ಆ ಆರ್ಕಿಟೆಕ್ಟಿನ ಕೈಕೆಳಗೆ ಬಡಗಿಯಾಗಿದ್ದವರಂತೆ. ಅವರು ನನ್ನನ್ನು 'ಯಂಗ್ ಲೇಡಿ' ಎಂದು ಕರೆಯುತ್ತಿದ್ದರು. ನಾನು ಎದುರಿಗೆ 'ಸರ್' ಎನ್ನುತ್ತಿದ್ದೆ, ಮನಸ್ಸಿನಲ್ಲಿ 'ಅಜ್ಜ' ಎನ್ನುತ್ತಿದ್ದೆ.

ಆ ವಾರ ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನ ಮಧ್ಯಾಹ್ನದ ಊಟಕ್ಕೆ ನಾನು ಬೆಟ್ಟಕ್ಕೇ ಹೋದೆ. ಅಜ್ಜನ ಡಬ್ಬಿಯಲ್ಲಿ ಅನ್ನದ ಉಂಡೆ, ನನ್ನ ಡಬ್ಬಿಯಲ್ಲಿ ಚಿತ್ರಾನ್ನ. ನಮ್ಮ ಮಾವಿನ ಉಪ್ಪಿನಕಾಯಿ ಒಂದು ಹೋಳು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಸುರಿಸಿಕೊಂಡರು, ಮಾರನೇ ದಿನ ಮತ್ತೆ ಕೈ ಚಾಚಿದರು. ತಿನ್ನುತ್ತ ತಿನ್ನುತ್ತ ಆ ಸತ್ತವನ ಕತೆ ಹೇಳಿದರು.

ಅವನು ದೇವಸ್ಥಾನ ಕಟ್ಟುವ ಬಡಗಿಗಳ ವಂಶದವನು. ಅವನು ಹುಟ್ಟುವ ಹೊತ್ತಿಗೆ ಜಪಾನಿನಲ್ಲಿ ಪಾಳೆಯಗಾರರ ಕಾಲ ಮುಗಿದು, ಗುಡಿ ಕೋಟೆ ಕಟ್ಟಿಸುವವರಿಲ್ಲದೆ, ಅಪ್ಪ ಬಾಚಿ ಉಳಿ ಮೂಲೆಗಿಟ್ಟಿದ್ದ. ಸರ್ಕಾರ ರಾಜಧಾನಿಯಲ್ಲಿ ಹೊಸದಾಗಿ ತೆರೆದ ಕಾಲೇಜಿಗೆ ಹುಡುಗನನ್ನು ಸೇರಿಸಿದರು. ಅಲ್ಲಿ ಪರದೇಶದ ಮೇಷ್ಟ್ರು ಇಟ್ಟಿಗೆ, ಕಮಾನು, ತ್ರಿಕೋನದ ಚೌಕಟ್ಟು ಕಲಿಸಿದರು. ಇವನಿಗೆ ಇಟ್ಟಿಗೆ ಎಂದರೆ ಪ್ರಾಣವಾಯಿತು. ಒಂದು ವಸ್ತುಪ್ರದರ್ಶನಕ್ಕೆ ಜಪಾನಿ ಮಂಟಪ ಕಟ್ಟಲು ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವನು ವಾಪಸು ಹೋಗಲಿಲ್ಲ. ಆಮೇಲೆ ಆ ದೊಡ್ಡ ಭೂಕಂಪವಾಯಿತು. ಇವನು ಇದ್ದ ಬೀದಿಯಲ್ಲಿ ಇಟ್ಟಿಗೆಯ ಕಟ್ಟಡಗಳೆಲ್ಲ ಕಣ್ಣೆದುರಿಗೇ ಕುಸಿದವು. ಮೂಲೆಯ ಒಂದು ಮರದ ಕೊಟ್ಟಿಗೆ ಹೊಯ್ದಾಡಿಕೊಂಡು ನಿಂತೇ ಇತ್ತಂತೆ.

"ಅವತ್ತಿನಿಂದ ಅವರಿಗೆ ನೆಲ ಎಂದರೆ ಹೆದರಿಕೆ," ಎಂದರು ಅಜ್ಜ. "ಮನೆ ಕಟ್ಟುವ ಜಾಗದಲ್ಲಿ ಮೊದಲು ಒಂದು ದಿನ ಸುಮ್ಮನೆ ಅಂಗಾತ ಮಲಗುತ್ತಿದ್ದರಂತೆ, ಬೆನ್ನಿಗೆ ಏನಾದರೂ ಗೊತ್ತಾಗುತ್ತಾ ಅಂತ. ನಮ್ಮಪ್ಪ ನಗುತ್ತಿದ್ದ. ಸರ್ಕಾರದ ಕಾಗದ ಬಂದರೂ ಹಾಗೇ ಬಿಳುಚಿಕೊಳ್ಳುತ್ತಿದ್ದರಂತೆ. ಅವರ ಹೆಸರಿಗೆ ಒಂದಡಿ ನೆಲ ಕೊಳ್ಳುವ ಹಾಗಿರಲಿಲ್ಲ, ಜಪಾನಿನಿಂದ ಬಂದವರಿಗೆ ಕಾನೂನು ಬಿಡುತ್ತಿರಲಿಲ್ಲ. ಇಷ್ಟು ಮನೆ ಕಟ್ಟಿದವರು ಕೊನೆಗೆ ಸತ್ತದ್ದು ನಮ್ಮ ಹಿತ್ತಲಿನ ಕೋಣೆಯಲ್ಲಿ. ನಾನು ಇನ್ನೂ ತೊಟ್ಟಿಲಲ್ಲಿದ್ದೆ."

ನೆಲ ಕಂಡರೆ ಭಯ, ಕಾಗದ ಕಂಡರೆ ಭಯ. ಅಯ್ಯೋ, ಇವನು ನಮ್ಮ ಪೈಕಿಯವನೇ ಎಂದುಕೊಂಡೆ. ಸತ್ತು ಮಣ್ಣಾದವನ ಮೇಲೆ ನನಗೆ ವಾತ್ಸಲ್ಯವೇ ಹುಟ್ಟಿತು. ಆದರೆ ಅವನು ಭಯಪಟ್ಟು ಏನು ಮಾಡಿದ ಎಂದು ಆಗ ನನಗೆ ಗೊತ್ತಿರಲಿಲ್ಲ. ತನ್ನ ಅಪ್ಪನ ಮರಗೆಲಸ, ಮೇಷ್ಟ್ರ ಚೌಕಟ್ಟು, ಎರಡನ್ನೂ ಒಂದೇ ಸೂರಿನಲ್ಲಿ ಬೆರೆಸುತ್ತಿದ್ದ ಎಂದಷ್ಟೇ ಅಜ್ಜ ಹೇಳಿದ್ದರು. ನಾನು ಅದನ್ನು ಎರಡು ಪುಟದ ವರದಿಗೆ ಒಳ್ಳೆಯ ವಾಕ್ಯ ಎಂದು ಬರೆದಿಟ್ಟುಕೊಂಡೆ. ಎಂಥಾ ಬೆಪ್ಪು ನೋಡಿ.

ಬುಧವಾರ ಊಟವಾದ ಮೇಲೆ ಅಜ್ಜ ಕೈತೊಳೆದು ಬಂದು ಕಂಬಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿದರು. ನಾಲ್ಕನೆಯದರ ಹತ್ತಿರ ನಿಂತರು. ಮತ್ತೆ ತಟ್ಟಿದರು.

"ಇದು ಬೇರೆ ಥರ ಮಾತಾಡುತ್ತೆ," ಎಂದರು. "ಇದರ ಮೇಲೆ ಏನೋ ಕೂತಿದೆ."

"ಐದೂ ಒಂದೇ ಸರ್," ಎಂದೆ. "ಡ್ರಾಯಿಂಗಿನಲ್ಲಿ ಇದೆಯಲ್ಲ."

"ನೀನು ಮೇಲೆ ಹತ್ತಿ ನೋಡಿದ್ದೀಯಾ?"

"ಹೂಂ, ನೋಡಿದ್ದೇನೆ," ಎಂದೆ. ಪೂರ್ತಿ ಸುಳ್ಳಲ್ಲವಲ್ಲ, ತಲೆಯನ್ನಂತೂ ತೂರಿಸಿದ್ದೆ.

"ಹಾಗಿದ್ದರೆ ಸರಿ," ಎಂದರು ಅಜ್ಜ. ಎಂಜಿನಿಯರಿನ ಮೊಹರು ಬಿದ್ದ ನಕ್ಷೆ, ಅಳತೆ ತೆಗೆದ ಹುಡುಗಿಯ ಮಾತು. ಇಷ್ಟರ ಮೇಲೆ ಅವರು ಇನ್ನೇನು ಕೇಳುತ್ತಾರೆ? ಕಂಬ ಕೊಯ್ಯುವುದು ಮುಂದಿನ ಮಂಗಳವಾರಕ್ಕೆ ಎಂದು ನಿಗದಿಯಾಗಿತ್ತು.

ಗುರುವಾರ ಅಜ್ಜ ತಾವೇ ಆಫೀಸಿಗೆ ಬಂದು ಒಂದು ತಗಡಿನ ಕೊಳವೆ ನನ್ನ ಕೈಗಿಟ್ಟರು. ಒಳಗೆ ಆ ಮನೆಯ ಮೂಲ ನಕ್ಷೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಇಲ್ಲಿದ್ದ ಜಪಾನಿಯರನ್ನೆಲ್ಲ ಸೆರೆ ಕ್ಯಾಂಪುಗಳಿಗೆ ಸಾಗಿಸಿದಾಗ, ಕೈಯಲ್ಲಿ ಹಿಡಿಸುವಷ್ಟೇ ಸಾಮಾನು ಎಂದಿದ್ದರಂತೆ. ಅವರಪ್ಪ ಈ ಕೊಳವೆಯನ್ನು ಪಕ್ಕದ ತೋಟದವರ ಮನೆಯಲ್ಲಿ ಬಿಟ್ಟು ಹೋಗಿ, ಬಂದ ಮೇಲೆ ಇಸಿದುಕೊಂಡಿದ್ದರು. "ಕಾಗದ ಪುಡಿಯಾಗುತ್ತೆ ಅಂತ ನಾನು ಬಿಚ್ಚಿಯೇ ಇಲ್ಲ. ನಿಮ್ಮಲ್ಲಿ ದೊಡ್ಡ ಮೇಜಿದೆ, ನಿನ್ನ ಕೈ ನಾಜೂಕು. ನಿನ್ನ ವರದಿಗೆ ಆಗುತ್ತೆ, ನೋಡು," ಎಂದರು.

ಶುಕ್ರವಾರ ಮಧ್ಯಾಹ್ನ ಬಿಚ್ಚಿದೆ. ನಾಲ್ಕು ಮೂಲೆಗೂ ಪುಸ್ತಕ ಹೇರಿ ಬಗ್ಗಿ ನೋಡಿದೆ. ಜಪಾನಿ ಅಕ್ಷರ ನನಗೆ ಬಾರದು, ಗೆರೆ ಬರುತ್ತದಲ್ಲ. ಅವನು ಐದು ಕಂಬಗಳನ್ನು ಐದು ಸಲ ಬರೆದಿದ್ದ. ಒಂದರ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದರ ತಲೆಯ ಮೇಲೂ ಒಂದು ಅಕ್ಷರ, ಒಂದು ಅಂಕಿ. ಅಜ್ಜ ಹೇಳಿದ್ದು ನೆನಪಾಯಿತು, ಅವರ ಪದ್ಧತಿಯಲ್ಲಿ ಪ್ರತಿ ಕಂಬಕ್ಕೂ ಅದರದೇ ಗುರುತು ಬರೆಯುತ್ತಾರೆ, ಕಾಡಿನಲ್ಲಿ ಮರದ ಯಾವ ಮಗ್ಗುಲು ಬಿಸಿಲಿಗಿತ್ತೋ ಮನೆಯಲ್ಲೂ ಅದೇ ಮಗ್ಗುಲು ಬಿಸಿಲಿಗೆ ನಿಲ್ಲಿಸುತ್ತಾರೆ ಎಂದು. ಇನ್ನೊಂದು ಹಾಳೆಯಲ್ಲಿ ಸೂರಿನ ಒಳಗಿತ್ತು. ಮೊದಲ ಎರಡು ಚೌಕಟ್ಟು ನಾನು ನೋಡಿದಂಥವೇ. ಆಮೇಲೆ ಚೌಕಟ್ಟೇ ಇಲ್ಲ. ಅಲ್ಲಿ ಒಂದು ಇಡೀ ಮರ, ಬಿಲ್ಲಿನ ಹಾಗೆ ಬಾಗಿದ ದಿಮ್ಮಿ, ಕೆತ್ತದೆ ಹಾಗೇ ಮಲಗಿತ್ತು. ಅರ್ಧ ಸೂರಿನ ಭಾರ ಅದರ ಮೇಲೆ. ಅದರ ಒಂದು ತುದಿ ಹಿಂದಿನ ಗೋಡೆಗೆ. ಇನ್ನೊಂದು ತುದಿ ನಾಲ್ಕನೆಯ ಕಂಬದ ನೆತ್ತಿಗೆ.

ಮತ್ತೆ ನೋಡಿದೆ. ಬೆರಳಿಟ್ಟು ಎಣಿಸಿದೆ, ಒಂದು, ಎರಡು, ಮೂರು, ನಾಲ್ಕು. ಆ ಕಂಬ ಕೊಯ್ದರೆ ಸೂರು ಕೆಳಕ್ಕೆ ಬರುತ್ತದೆ, ಕೊಯ್ಯುವವರ ತಲೆಯ ಮೇಲೇ ಬರುತ್ತದೆ. ಕೊಯ್ಯುವವರು ಅಜ್ಜ.

ಎದ್ದು ಯಜಮಾನಿಯ ಕೋಣೆಯ ಬಾಗಿಲ ತನಕ ಹೋದೆ. ಅವಳ ಮೇಜಿನ ಮೇಲೆ ನನ್ನ ವೀಸಾ ಮುಂದುವರಿಸುವ ಕಾಗದ ಇತ್ತು. "ಓ, ಬಾ. ಇದನ್ನು ವಕೀಲರು ಒಂದು ಸಲ ನೋಡಬೇಕಂತೆ. ಸೋಮವಾರ ಬೆಳಗ್ಗೆ ಸಹಿ ಹಾಕಿಬಿಡ್ತೀನಿ. ಏನಾಗಬೇಕಿತ್ತು?" ಎಂದಳು.

"ಏನಿಲ್ಲ," ಎಂದೆ.

ಏನಿಲ್ಲ ಎಂದೆ, ಸ್ವಾಮಿ. ಆ ಮಾತನ್ನು ಇವತ್ತು ಈ ಕೈಯಿಂದಲೇ ಬರೆಯುತ್ತಿದ್ದೇನೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು, "ಕೊಯ್ಯೋದು ಮಂಗಳವಾರ ತಾನೇ?" ಎಂದರು.

"ಹೂಂರೀ."

"ಸೋಮವಾರ ಸಹಿ ಆಗುತ್ತೆ. ಆದ ತಕ್ಷಣ ಹೇಳಿಬಿಡು. ಒಂದು ದಿನ ಮುಂಚೆನೇ ಹೇಳಿದ ಹಾಗಾಯ್ತಲ್ಲ ಕಣೇ. ಯಾರಿಗೂ ಏನೂ ಆಗಲ್ಲ."

ಅವರು ಕೆಟ್ಟವರಲ್ಲ. ನಾನು ಕೇಳಬೇಕೆಂದಿದ್ದ ಮಾತನ್ನೇ ಹೇಳಿದರು, ಅಷ್ಟೇ. ನಾನೂ ತಲೆಯಾಡಿಸಿದೆ.

ಶನಿವಾರ ನಮ್ಮ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಹಾಸನದವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊರಡುವ ಮೊದಲು ಮನಸ್ಸು ತಡೆಯದೆ ಅಜ್ಜನ ಮನೆಗೆ ಫೋನು ಮಾಡಿದೆ. ಮೆಷೀನು ಎತ್ತಿಕೊಂಡಿತು, ಮಾತು ಬಿಟ್ಟು ಹೋಗಿ ಎಂದಿತು. ಬಾಯಿ ತೆರೆದೆ. ಏನು ಹೇಳುವುದು? ಹೇಳಿದ್ದು ಟೇಪಿನಲ್ಲಿ ಉಳಿಯುತ್ತದೆ, ನಾಳೆ ಯಾರಾದರೂ ಕೇಳಿಸಿಕೊಂಡರೆ? ಇಟ್ಟುಬಿಟ್ಟೆ. ಶನಿವಾರ ಅಲ್ಲವೇ, ಎಲ್ಲೋ ಹೋಗಿರುತ್ತಾರೆ ಎಂದುಕೊಂಡೆ.

ಪೂಜೆಯ ಮನೆ ಹೊಸದು. ಹಾಲಿನ ತುಂಬ ಜನ, ಮಕ್ಕಳು ಇಂಗ್ಲಿಷಿನಲ್ಲಿ ಕಿರುಚಾಡುತ್ತ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದವು. ಅವು ದಡದಡ ಎಂದಾಗಲೆಲ್ಲ ನಾನು ಚಾವಣಿ ನೋಡುತ್ತಿದ್ದೆ. ಪುರೋಹಿತರು ಕತೆ ಓದುತ್ತಿದ್ದರು, ಹಡಗಿನಲ್ಲಿ ಏನಿದೆ ಎಂದರೆ ಎಲೆ ಬಳ್ಳಿ ಇದೆ ಎಂದು ಸುಳ್ಳಾಡಿದ ವ್ಯಾಪಾರಿಯ ಕತೆ. ಎಷ್ಟು ಸಲ ಕೇಳಿದ್ದೇನೆ, ಅವತ್ತು ಮಾತ್ರ ಬೆನ್ನಲ್ಲಿ ಬೆವರಿಳಿಯಿತು. ಪೂಜೆಯಾದ ಮೇಲೆ ಮನೆಯಾಕೆ, "ಏನಮ್ಮಾ, ಸಪಾದ ಪ್ರಸಾದ ಮುಟ್ಟೇ ಇಲ್ಲ. ಏನಾದ್ರೂ ವಿಶೇಷನಾ?" ಎಂದು ಕಣ್ಣು ಮಿಟುಕಿಸಿದರು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಪ್ರಸಾದವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಭಾನುವಾರವೆಲ್ಲ ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೆ ಮಡಿಸಿದೆ. ಸಂಜೆ ಮಳೆ ಶುರುವಾಯಿತು. ಒದ್ದೆಯಾದರೆ ಸೂರು ಭಾರವಾಗುತ್ತದೆ ಎಂದು ಯೋಚಿಸಿದ್ದು ನೆನಪಿದೆ. ಕಂಬ ಇನ್ನೂ ಇದೆಯಲ್ಲ, ನನಗೇನು ಹುಚ್ಚೇ ಎಂದು ನನಗೇ ಬೈದುಕೊಂಡೆ.

ಸೋಮವಾರ ಬೆಳಗ್ಗೆ ಯಜಮಾನಿ ತಡವಾಗಿ ಬಂದಳು. ಕಾಫಿ ಮಾಡಿಕೊಂಡಳು, ಯಾರಿಗೋ ಫೋನು ಮಾಡಿದಳು. ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಕೊನೆಗೆ ಸಹಿ ಬಿತ್ತು. ಕಾಗದ ನನ್ನ ಕೈಗೆ ಬಂದ ಮೇಲೆ, "ಬೆಟ್ಟದ ಮನೆಗೆ ಹೋಗಿಬರ್ತೀನಿ, ಒಂದು ಅಳತೆ ಅನುಮಾನ ಇದೆ," ಎಂದೆ. ಖುದ್ದು ಹತ್ತಿ ನೋಡಿ ಖಾತ್ರಿ ಮಾಡಿಕೊಂಡು ಆಮೇಲೆ ಹೇಳೋಣ ಎಂದು ಆಗಲೂ ಲೆಕ್ಕಾಚಾರ!

ಮಳೆ ನಿಂತಿತ್ತು. ಮನೆಯ ಮುಂದೆ ಅಜ್ಜನ ಹಳೇ ಪಿಕಪ್ಪು ನಿಂತಿತ್ತು. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಹೆಜ್ಜೆ ಇಟ್ಟೆ, ಇಟ್ಟ ಕಡೆಯೇ ನಿಂತೆ. ಮೂರನೆಯ ಕಂಬ ಇರಲಿಲ್ಲ. ಅದನ್ನು ಇಡಿಯಾಗಿ ಬಿಚ್ಚಿ, ಕಂಬಳಿ ಹಾಸಿ ಗೋಡೆಯ ಪಕ್ಕ ಮಲಗಿಸಿದ್ದರು. ನಾಲ್ಕನೆಯದರ ಬುಡದಲ್ಲಿ ಒಂದು ಗರಗಸ ಅರ್ಧದ ತನಕ ಹೋಗಿ ಕಚ್ಚಿಕೊಂಡು ನಿಂತಿತ್ತು. ಅಜ್ಜ ಕಂಬದ ಈಚೆ ಮಗ್ಗುಲಲ್ಲಿ ಮಂಡಿಯೂರಿ ಇನ್ನೊಂದು ಗರಗಸ ಇಟ್ಟು ಗೆರೆ ನೋಡುತ್ತಿದ್ದರು. ಅವರ ತಲೆಯ ಮೇಲೆ ಗಾರೆಯಲ್ಲಿ ಉದ್ದಕ್ಕೆ ಹೊಸ ಬಿರುಕು.

"ಹೊರಗೆ ಬನ್ನಿ ಅಜ್ಜಾ!" ಎಂದು ಕಿರುಚಿದೆ. ಕನ್ನಡದಲ್ಲೇ ಕಿರುಚಿದೆ. ಅವರು ತಿರುಗಿ ನೋಡಿದರು. "ಬನ್ನಿ, ಬನ್ನಿ, ಅಯ್ಯೋ ದೇವರೇ, ಎದ್ದು ಬನ್ನಿ!" ಎನ್ನುತ್ತ ಎರಡೂ ಕೈ ಬೀಸಿದೆ. ಯಾವ ಭಾಷೆಯಾದರೇನು, ಮುಖ ನೋಡಿದರೆ ಅರ್ಥವಾಗುತ್ತದೆ. ಎದ್ದರು. ಎರಡು ಹೆಜ್ಜೆ ಬಂದವರು, ಉಳಿಗಳ ಚೀಲ ಮರೆತೆ ಎಂದು, ಶಿವನೇ, ಮತ್ತೆ ಹಿಂದಕ್ಕೆ ಹೋದರು! ಮೇಲೆ ಎಲ್ಲೋ ಮರ ನರಳಿತು. ಗಾರೆಯ ಪುಡಿ ಅವರ ಹೆಗಲ ಮೇಲೆ ಉದುರಿತು. ನಾನು ಓಡಿಹೋಗಿ ಕೈ ಹಿಡಿದು ಎಳೆಯಬೇಕಾಗಿತ್ತು. ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ನಿಂತಲ್ಲೇ ನಿಂತು ಬಾಯಿ ಬಡಿದುಕೊಂಡೆ. ಅವರು ಬಗ್ಗಿ ಚೀಲ ಎತ್ತಿಕೊಂಡು, ಸಾವಧಾನವಾಗಿ ನಡೆದು ಹೊರಗೆ ಬಂದರು.

ಸೂರು ಬೀಳಲಿಲ್ಲ. ಅರ್ಧ ಕೊಯ್ದ ಕಂಬ ಇನ್ನರ್ಧದ ಮೇಲೆ ಅಷ್ಟೂ ಭಾರ ಹೊತ್ತು ನಿಂತಿತ್ತು. ನಾನು ತೊದಲುತ್ತ ಎಲ್ಲ ಹೇಳಿದೆ, ಮೇಲಿನ ದಿಮ್ಮಿಯ ವಿಷಯ, ಹಳೇ ನಕ್ಷೆಯ ವಿಷಯ. ಅಜ್ಜ ಕೇಳಿಸಿಕೊಂಡು, ಫೋನು ಮಾಡಿ ಜನ ಕರೆಸಿದರು. ಮಧ್ಯಾಹ್ನದ ಹೊತ್ತಿಗೆ ಆಸರೆಯ ಕಂಬಗಳು ಬಂದವು, ಜಾಕುಗಳು ಬಂದವು, ಯಜಮಾನಿಯೂ ಬಂದಳು. ಗರಗಸ ಸಡಿಲವಾಗಿ ಈಚೆ ಬಂದ ಮೇಲೆಯೇ ಎಲ್ಲರೂ ಉಸಿರು ಬಿಟ್ಟರು.

ಆಮೇಲೆ ಅಜ್ಜ ಏಣಿ ತಂದು ಕಿಂಡಿಯ ಕೆಳಗೆ ಹಾಕಿ, "ಬಾ," ಎಂದರು. ಹತ್ತಿದೆ. ಮೊಣಕಾಲಿನ ಮೇಲೆ ತೆವಳಿದೆ. ಜೇಡರ ಬಲೆ ಮುಖಕ್ಕೆ ಮೆತ್ತಿಕೊಂಡಿತು, ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಹೋದೆ. ಎರಡನೆಯ ಚೌಕಟ್ಟಿನ ಆಚೆ ಆ ಮರ ಮಲಗಿತ್ತು. ತೊಗಟೆ ಸುಲಿದಿದ್ದರು, ಅಷ್ಟೇ. ಬೆಳೆದಾಗ ಹೇಗೆ ಬಾಗಿತ್ತೋ ಹಾಗೇ. ಕಂಬದ ನೆತ್ತಿಯ ಹತ್ತಿರ ಕಪ್ಪು ಶಾಯಿಯಲ್ಲಿ ಒಂದು ಅಕ್ಷರ, ಒಂದು ಅಂಕಿ, ನಿನ್ನೆ ಬರೆದ ಹಾಗಿತ್ತು. ಅಜ್ಜ ಟಾರ್ಚು ಹಿಡಿದು, "ಇದು ನಮ್ಮಪ್ಪನ ಕೈಬರಹ," ಎಂದರು. ಸ್ವಲ್ಪ ಹೊತ್ತು ಅಲ್ಲೇ ಕೂತೆವು. ಭೂಮಿ ನಡುಗಿದರೆ ಚೌಕಟ್ಟಿನ ಕೀಲು ಬಿಟ್ಟುಕೊಂಡಾವು ಎಂಬ ಹೆದರಿಕೆಗೆ ಅವನು ಆ ಇಡೀ ಮರವನ್ನು ಅಲ್ಲಿಗೆ ಏರಿಸಿದ್ದ. ಅವನೂ ಪುಕ್ಕಲ, ನಾನೂ ಪುಕ್ಕಲಿ. ಅವನ ಹೆದರಿಕೆಯ ಕೆಳಗೆ ಜನ ಅಷ್ಟು ವರ್ಷ ನೆಮ್ಮದಿಯಾಗಿ ಮಲಗಿದ್ದರು.

ಕೆಳಗೆ ಇಳಿದ ಮೇಲೆ ನಾನಾಗಿಯೇ ಹೇಳಿದೆ, ಯಜಮಾನಿಯ ಎದುರಿಗೇ ಹೇಳಿದೆ. "ನಾನು ಅವತ್ತು ಒಳಗೆ ಹೋಗಿರಲಿಲ್ಲ. ಹೆದರಿಕೆಯಾಯಿತು. ಕಿಂಡಿಯಿಂದ ನೋಡಿ ಉಳಿದದ್ದನ್ನು ಕಾಪಿ ಮಾಡಿದೆ. ನಿಮ್ಮ ಹತ್ತಿರ ಸುಳ್ಳು ಹೇಳಿದೆ." ಹೇಳುವಾಗ ಅಳು ಬಂತು, ಅತ್ತೂಬಿಟ್ಟೆ. ಯಜಮಾನಿಯ ಮುಖ ಕೆಂಪಾಯಿತು. ಅವಳು ಬಾಯಿ ತೆರೆಯುವ ಮೊದಲೇ ಅಜ್ಜ ಕೈ ಅಡ್ಡ ಹಿಡಿದರು.

"ತಪ್ಪು ನನ್ನದೂ ಇದೆ," ಎಂದರು. "ಕೂಲಿಯವರು ಬಂದರೆ ಯಂತ್ರದ ಗರಗಸ ಹಾಕುತ್ತಾರೆ. ಅಪ್ಪ ಮುಟ್ಟಿದ ಮರ, ಮೆತ್ತಗೆ ನಾನೇ ಬಿಚ್ಚೋಣ ಅಂತ ಶನಿವಾರವೇ ಬಂದೆ, ಯಾರಿಗೂ ಹೇಳಲಿಲ್ಲ. ಇದರಲ್ಲಿ ಗರಗಸ ಕಚ್ಚಿಕೊಂಡಾಗಲೇ ಅನುಮಾನ ಬರಬೇಕಾಗಿತ್ತು. ಆದರೆ ನೀನು ಹತ್ತಿ ನೋಡಿದ್ದೀಯಲ್ಲ ಅಂದುಕೊಂಡೆ. ಬೇಜಾರಾಗಿ ಊಟ ಮಾಡಿ, ಈ ಕಂಬಕ್ಕೇ ತಲೆ ಕೊಟ್ಟು ಒಂದು ಗಂಟೆ ನಿದ್ದೆ ಹೊಡೆದೆ." ಅವರು ನಕ್ಕರು. "ನಿನ್ನೆಯೂ ಬಂದಿದ್ದೆ. ಮಳೆ ಬಂತು ಅಂತ ಸಂಜೆವರೆಗೆ ಇಲ್ಲೇ ಕೂತು ಉಳಿಗಳನ್ನು ಸಾಣೆ ಹಿಡಿದೆ."

ಶನಿವಾರ. ನಾನು ಫೋನು ಇಟ್ಟ ಹೊತ್ತು, ಪೂಜೆಯ ಹೊತ್ತು. ಭಾನುವಾರ, ನಾನು ಬಟ್ಟೆ ಮಡಿಸುತ್ತಿದ್ದ ಹೊತ್ತು.

"ಈ ಹಳೇ ನಕ್ಷೆ ಯಾವಾಗ ಬಿಚ್ಚಿ ನೋಡಿದೆ?" ಎಂದು ಯಜಮಾನಿ ಕೇಳಿದಳು.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಕೈಚೀಲದಲ್ಲಿ ಸಹಿಯಾದ ಕಾಗದವಿತ್ತು.

"ಇವತ್ತು ಬೆಳಗ್ಗೆ," ಎಂದೆ.

ಯಜಮಾನಿ ನಿಟ್ಟುಸಿರುಬಿಟ್ಟು, "ನಾಳೆ ಮಾತಾಡೋಣ," ಎಂದು ಎಂಜಿನಿಯರಿಗೆ ಫೋನು ಮಾಡಲು ಹೊರಗೆ ಹೋದಳು. ಅಜ್ಜ ನನ್ನ ಹತ್ತಿರ ಬಂದರು. ಮೈಮೇಲೆಲ್ಲ ಗಾರೆಯ ಪುಡಿ, ಕೂದಲಲ್ಲಿ ಜೇಡರ ಬಲೆ.

"ಹೆದರಿಕೆ ಎಲ್ಲರಿಗೂ ಆಗುತ್ತೆ, ಯಂಗ್ ಲೇಡಿ," ಎಂದರು. "ಗೊತ್ತಾದ ಕೂಡಲೇ ಓಡಿ ಬಂದೆಯಲ್ಲ."

ಹಾಗೆಂದು ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಸೊಂಟದಿಂದ ಬಗ್ಗಿ, ನನಗೆ ನಮಸ್ಕಾರ ಮಾಡಿದರು. ಆ ಜನ ದೊಡ್ಡವರಿಗೆ ಮಾಡುವ ನಮಸ್ಕಾರ ಅದು. ಬೇಗ ತಲೆ ಎತ್ತುವುದಿಲ್ಲ. ಅವರ ಕತ್ತಿನ ಹಿಂಭಾಗ, ಅಂಗಿಯ ಕಾಲರು, ಅದರೊಳಗೆ ಬಿದ್ದಿದ್ದ ಬಿಳಿ ಪುಡಿ ನನಗೆ ಕಾಣುತ್ತಿತ್ತು. ಶುಕ್ರವಾರ ಎಂಬ ಒಂದು ಮಾತು ನನ್ನ ಬಾಯಿಯ ತನಕ ಬಂತು. ಅವರು ತಲೆ ಎತ್ತಿದರು. ನಾನು, "ಬರ್ತೀನಿ ಸರ್," ಎಂದು ಹೇಳಿ ಹೋಗಿ ಕಾರಿನಲ್ಲಿ ಕೂತೆ.